ದೊಡ್ಡಮನೆ ಬಳಗ: ಮಂಡಿಗೆ ಇಂಜೆಕ್ಷನ್, ಮೆಣಸಿಗೆ ಏಣಿ

ಶನಿವಾರ, ಬೆಳಗ್ಗೆ 6:48

ಆಲೂರು ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಮಂಡಿ ಆಪರೇಷನ್ ಮಾಡಿಸಬೇಡಿ!! ನಿಮ್ಮ ರಕ್ತವೇ ನಿಮಗೆ ಅಮೃತ. ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ) 3 ಇಂಜೆಕ್ಷನ್, ಸವೆದ ಮಂಡಿ ಮತ್ತೆ ಬೆಳೆಯುತ್ತದೆ. ಹಾಸನದಲ್ಲಿ ಶಿಬಿರ, ಭಾನುವಾರ 10ರಿಂದ 12. ಮೊದಲ 20 ಜನಕ್ಕೆ ಅರ್ಧ ರೇಟು. 10 ಗುಂಪಿಗೆ ಕಳಿಸಿ.

ಆಲೂರು ದೊಡ್ಡಪ್ಪ: ಶಾರದಾ, ನಿನಗೋಸ್ಕರನೇ ಹಾಕಿದ್ದು.

ಶಾರದತ್ತೆ: 🙏

ವಿದ್ಯಾ ಫಿಸಿಯೊ: ದೊಡ್ಡಪ್ಪ, "ಮತ್ತೆ ಬೆಳೆಯುತ್ತದೆ" ಅಂತ ಬರೆದೋರು ಯಾರು? ಆಸ್ಟ್ರೇಲಿಯಾದಲ್ಲಿ 288 ಜನರಿಗೆ ವಾರಕ್ಕೊಂದರಂತೆ 3 ಇಂಜೆಕ್ಷನ್ ಕೊಟ್ರು, ಅರ್ಧ ಜನಕ್ಕೆ ಪಿಆರ್‌ಪಿ, ಉಳಿದೋರಿಗೆ ಬರೀ ಸಲೈನ್, ಅಂದ್ರೆ ಉಪ್ಪುನೀರು. ಒಂದು ವರ್ಷ ನೋಡಿ 2021ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದ್ರು. ನೋವು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇಳೀತು. ಕಾರ್ಟಿಲೇಜ್ (ಕೀಲಿನ ಮೆದುಮೂಳೆ) ಅಳತೆಯಲ್ಲೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ.

ಆಲೂರು ದೊಡ್ಡಪ್ಪ: ಕೊರೊನಾ ಟೈಮಲ್ಲಿ ಕಷಾಯಕ್ಕೂ ನೀನು ಹಿಂಗೇ ಅಡ್ಡ ಬಂದಿದ್ದೆ.

ವಿದ್ಯಾ ಫಿಸಿಯೊ: ಈಗಲೂ ಬರ್ತೀನಿ.

ಲ್ಯಾಬ್ ಕಿರಣ: ವಿದ್ಯಕ್ಕ, ಆ ಸ್ಟಡಿಗೆ ಒಂದು ತಕರಾರಿದೆ. ಮಾಮೂಲಿ ರಕ್ತದಲ್ಲೇ ಹೆಪ್ಪುಗಟ್ಟಿಸೋ ಕಣ, ಅಂದ್ರೆ ಪ್ಲೇಟ್‌ಲೆಟ್ ಮೈಕ್ರೊಲೀಟರ್‌ಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರ್ತದೆ. ಅವರು ಹಾಕಿದ ಪಿಆರ್‌ಪಿಯಲ್ಲಿ ಇದ್ದಿದ್ದು ಸುಮಾರು 3.25 ಲಕ್ಷ. ಸಾಮಾನ್ಯವಾಗಿ ಹೇಳೋ ಗುರಿ 10 ಲಕ್ಷ. ನೀರು ಮಜ್ಜಿಗೆ ಕುಡಿಸಿ ಮೊಸರು ಚೆನ್ನಾಗಿಲ್ಲ ಅಂದಂಗಾಯ್ತು.

ವಿದ್ಯಾ ಫಿಸಿಯೊ: ಒಪ್ತೀನಿ. ಆದ್ರೆ ಮಂಡಿ ಸವೆತಕ್ಕೆ ಇದು ಬೇಡ ಅಂತ ಅಮೆರಿಕದ ರುಮಟಾಲಜಿ (ಕೀಲುನೋವಿನ ಡಾಕ್ಟರ್‌ಗಳ) ಸಂಸ್ಥೆ 2019ರಲ್ಲಿ ಗಟ್ಟಿಯಾಗಿ ಹೇಳಿದ್ದೂ ಅದಕ್ಕೇ. ಒಬ್ಬೊಬ್ಬರು ಒಂದೊಂದು ಥರ ಮಾಡ್ತಾರೆ, ಸಿರಿಂಜಲ್ಲಿ ಏನಿದೆ ಅಂತ ಗೊತ್ತಾಗಲ್ಲ.

ಆಲೂರು ದೊಡ್ಡಪ್ಪ: ಪರಂಗಿ ಎಲೆ ರಸ ಕುಡಿದ್ರೆ ಪ್ಲೇಟ್‌ಲೆಟ್ ತಾನಾಗೇ ಏರ್ತದೆ. ಡೆಂಗಿ ಬಂದಾಗ ನೋಡಿಲ್ವಾ? ಹಿರಿಯರು ದಡ್ಡರಲ್ಲ.

ಲ್ಯಾಬ್ ಕಿರಣ: ದೊಡ್ಡಪ್ಪ, ಅತ್ತೆಗೆ ಪ್ಲೇಟ್‌ಲೆಟ್ ಕಡಿಮೆ ಇಲ್ಲ. ಇಲ್ಲಿ ಕೆಲಸ ಅವನ್ನ ಒಂದೇ ಕಡೆ ಗುಡ್ಡೆ ಹಾಕೋದು.

ಮಂಜು ಬೆಂಗಳೂರು: ಅಜ್ಜಿ ಎಕ್ಕದೆಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ತಿದ್ರು. ಆ ಘಮ! ಆಮೇಲೆ ಬಿಸಿ ಕಡುಬು, ಕೆಸುವಿನ ಸೊಪ್ಪಿನ ಸಾರು 😋

ಶಾರದತ್ತೆ: ಕಡುಬಿಗೆ ತರಿ ಸಣ್ಣ ಇರಬೇಕು ಕಣೋ ಮಂಜು.

ಸಕಲೇಶಪುರ ಚಿಕ್ಕಪ್ಪ: ಅಕ್ಕನ ಮಂಡಿ ಹೋಗಿದ್ದು ಹಳೇ ಬಿದಿರೇಣಿ ಹತ್ತಿ ಮೆಣಸು ಕುಯ್ದು. ಅಲ್ಯೂಮಿನಿಯಂ ಏಣಿ ಯಾರ ಹಿತ್ತಲಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಆಲೂರು ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಲ್ಯಾಬ್ ಕಿರಣ: ಶಿಬಿರಕ್ಕೆ ಹೋಗೋದೇ ಆದ್ರೆ ಏನು ನೋಡ್ಕೋಬೇಕು ಕೇಳಿ. 30 ಎಂಎಲ್ ರಕ್ತ ತೆಗೀತಾರೆ ಅಂದ್ಕೊಳ್ಳಿ. ಟ್ಯೂಬಲ್ಲಿ ಹೆಪ್ಪುಗಟ್ಟದಂಗೆ ತಡೆಯೋ ಸಿಟ್ರೇಟ್ ಅಥವಾ ಎಸಿಡಿ-ಎ ಇರಬೇಕು. ರಕ್ತ ಪರೀಕ್ಷೆಯ ನೇರಳೆ ಮುಚ್ಚಳದ್ದು ಇಡಿಟಿಎ, ಅದು ಪ್ಲೇಟ್‌ಲೆಟ್ ಕೆಡಿಸ್ತದೆ. ಕೆಂಪು ಮುಚ್ಚಳದಲ್ಲಿ ಹೆಪ್ಪುಗಟ್ಟಿಬಿಡ್ತದೆ. ಆಮೇಲೆ ಟ್ಯೂಬನ್ನ ಮೆಷಿನ್‌ಗೆ ಹಾಕಿ ತಿರುಗಿಸ್ತಾರೆ. ಮೊದಲ ಸುತ್ತು ನಿಧಾನ, ಸುಮಾರು 200 ಜಿ (ಭೂಮಿ ಎಳೆತದ 200 ಪಟ್ಟು), 10 ನಿಮಿಷ. ಕೆಂಪುಕಣ ತಳಕ್ಕೆ ಕೂರ್ತವೆ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ತೆಳ್ಳಗೆ ಬಿಳಿ ಪೊರೆ. ಇಲ್ಲಿ ಜೋರು ಮಾಡಿದ್ರೆ ಪ್ಲೇಟ್‌ಲೆಟ್ಟೂ ಕೆಂಪಿನ ಜೊತೆ ಕೆಳಗೆ ಹೋಗ್ತವೆ, ಮೇಲೆ ಉಳಿಯೋದು ಬರೀ ಹಳದಿ ನೀರು. ಪ್ಲಾಸ್ಮಾ ಬೇರೆ ಟ್ಯೂಬಿಗೆ ಎಳೆದು ಎರಡನೇ ಸುತ್ತು ಜೋರು. ಮೇಲಿನ ಮೂರರಲ್ಲಿ ಎರಡು ಪಾಲು ಬಿಸಾಕಿ, ತಳದ್ದನ್ನ ಮೆಲ್ಲಗೆ ಕದಡಿದ್ರೆ 3-5 ಎಂಎಲ್ ಸಿಗ್ತದೆ. ಫ್ರಿಜ್ಜಲ್ಲಿ ಇಡಂಗಿಲ್ಲ. ಮಂಡಿಗಾದ್ರೆ ಬಿಳಿ ಪೊರೆ ಬಿಟ್ಟು ತೆಗೆಯೋದು ವಾಸಿ, ಬಿಳಿಕಣ ಸೇರಿದ್ರೆ ಊತ ಜಾಸ್ತಿ ಬರಬಹುದು. "ಎಷ್ಟು ಆರ್‌ಪಿಎಂ" (ನಿಮಿಷಕ್ಕೆ ಎಷ್ಟು ಸುತ್ತು) ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ, ಮೆಷಿನ್ ಸಣ್ಣದೋ ದೊಡ್ಡದೋ ಅನ್ನೋದ್ರ ಮೇಲೆ ಅದೇ ಆರ್‌ಪಿಎಂಗೆ ಜಿ ಬೇರೆ ಆಗ್ತದೆ. "ಕೊನೇಲಿ ಪ್ಲೇಟ್‌ಲೆಟ್ ಎಣಿಸ್ತೀರಾ" ಅಂತ ಕೇಳಿ.

ಮಂಜು ಬೆಂಗಳೂರು: ಇಷ್ಟುದ್ದ ಯಾರು ಓದ್ತಾರೆ ಗುರು 😂

ಲ್ಯಾಬ್ ಕಿರಣ: ಲೆಕ್ಕ ಮಾಡಿ. 8 ಟ್ಯೂಬಿನ ಮೆಷಿನ್, ಒಬ್ಬರಿಗೆ 2 ಟ್ಯೂಬ್, ಒಂದು ಸಲಕ್ಕೆ 4 ಜನ. ರಕ್ತ ತೆಗೆದು, ಎರಡು ಸುತ್ತು ತಿರುಗಿಸಿ, ಎಳೆಯೋ ಹೊತ್ತಿಗೆ 40 ನಿಮಿಷ. 20 ಜನಕ್ಕೆ ಮೂರು ಗಂಟೆ ದಾಟ್ತದೆ, ಶಿಬಿರ ಇರೋದು ಎರಡೇ ಗಂಟೆ. ಅವಸರಕ್ಕೆ ಎರಡನೇ ಸುತ್ತು ಬಿಟ್ರೆ ಕಾಸು ದಂಡ. ಟ್ಯೂಬ್ ಅದಲುಬದಲಾದ್ರೆ ಬೇರೆಯವರ ರಕ್ತ ಅತ್ತೆ ಮಂಡಿಗೆ, ಹೆಪಟೈಟಿಸ್ ಬಿ, ಎಚ್‌ಐವಿ ಭಯ. ಟ್ಯೂಬ್ ಮೇಲೆ ಅತ್ತೆ ಹೆಸರು ಅವರ ಕಣ್ಣೆದುರೇ ಬರೀಬೇಕು.

ಸಕಲೇಶಪುರ ಚಿಕ್ಕಪ್ಪ: ಏಣಿ ಮೇಲೂ ಹೆಸರು ಬರೆಸಬೇಕಿತ್ತು.

ಆಲೂರು ದೊಡ್ಡಪ್ಪ: ಒಳ್ಳೇದು ಕಳಿಸಿದ್ದೇ ತಪ್ಪಾಯ್ತು. ಇನ್ನು ನಾನು ಏನೂ ಹಾಕಲ್ಲ.

ಶಾರದತ್ತೆ: ಬೇಜಾರಾಗಬೇಡಿ ಅಣ್ಣಯ್ಯ. ವಿದ್ಯಾ, ನನ್ನ ಬಿಪಿ ಮಾತ್ರೆ ಜೊತೆ ಆಸ್ಪಿರಿನ್ ಇದೆಯಲ್ಲ, ಅದಕ್ಕೇನಾದ್ರೂ?

ವಿದ್ಯಾ ಫಿಸಿಯೊ: ಅತ್ತೆ, ಆಸ್ಪಿರಿನ್ ಪ್ಲೇಟ್‌ಲೆಟ್ ಕೆಲಸವನ್ನೇ ತಡೀತದೆ, ಆದ್ರೆ ಅದನ್ನ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ್ ಹೇಳಿದ್ರೆ ಮಾತ್ರ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಇಂಜೆಕ್ಷನ್‌ಗೆ ಹಿಂದೆ ಮುಂದೆ ಬಿಡಿಸ್ತಾರೆ, ನೋವಿದ್ರೆ ಪ್ಯಾರಾಸಿಟಮಾಲ್. ಎರಡು ಮೂರು ದಿನ ಊದೋದು ಮಾಮೂಲಿ. ಮಂಡಿ ಕೆಂಪಾಗಿ ಸುಡ್ತಾ ಜ್ವರ ಬಂದ್ರೆ ಕಾಯಬೇಡಿ, ಅವತ್ತೇ ಆಸ್ಪತ್ರೆ. ಕೀಲೊಳಗೆ ಕೀವು ಆಗಿರಬಹುದು.

ಶಾರದತ್ತೆ: [ಫೋಟೊ] ಇದು ಹೋದ ತಿಂಗಳದ್ದು.

ವಿದ್ಯಾ ಫಿಸಿಯೊ: ಎಕ್ಸ್‌ರೇ ನಿಂತು ತೆಗೆಸಿದ್ದಾ, ಮಲಗಿಸಿ ತೆಗೆದಿದ್ದಾ?

ಶಾರದತ್ತೆ: ಮಲಗಿಸಿ.

ವಿದ್ಯಾ ಫಿಸಿಯೊ: ಮಲಗಿದ್ರೆ ಭಾರ ಬೀಳಲ್ಲ, ಮೂಳೆ ನಡುವಿನ ಗ್ಯಾಪ್ ಇರೋದಕ್ಕಿಂತ ಜಾಸ್ತಿ ಕಾಣ್ತದೆ. ನಿಲ್ಲಿಸಿ ತೆಗೆದ ಮೇಲೆ ಸವೆತದ ಗ್ರೇಡ್ 2, 3 ಅಂದ್ರೆ ನೋವಿಗೆ ಪ್ರಯತ್ನ ಮಾಡಬಹುದು, ಅದೂ ಶಿಬಿರದಲ್ಲಿ ಬೇಡ. ಮೂಳೆಗೆ ಮೂಳೆ ತಾಗೋ ಗ್ರೇಡ್ 4ಕ್ಕೆ ದುಡ್ಡು ಹಾಕಬೇಡಿ. ಅಲ್ಲೀವರೆಗೆ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯೋದು, 5 ಸೆಕೆಂಡ್, 10 ಸಲ, ದಿನಕ್ಕೆ ಮೂರು ಹೊತ್ತು. ಒಂದು ಕೆಜಿ ತೂಕ ಇಳಿದ್ರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಸುಮಾರು 4 ಕೆಜಿ ಭಾರ ಕಡಿಮೆ.

ಮಂಜು ಬೆಂಗಳೂರು: ಹಂಗಾದ್ರೆ ಕಡುಬು ಕ್ಯಾನ್ಸಲ್ಲಾ?

ಆಲೂರು ದೊಡ್ಡಪ್ಪ: ಶಾರದಾ, ಸೋಮವಾರ ಗಾಡಿ ತರ್ತೀನಿ, ನಿಂತು ಎಕ್ಸ್‌ರೇ ತೆಗೆಸಿಕೊಂಡು ಬರಾಣ.

ಸಕಲೇಶಪುರ ಚಿಕ್ಕಪ್ಪ: ಗಾಡಿ ಮೇಲೆ ಕ್ಯಾರಿಯರ್ ಇದೆಯಲ್ಲ ಅಣ್ಣಯ್ಯ.