ಅಪ್‌ಡೇಟ್: ಕಾರಿನ ಗಾಜಿಗೆ ಈಗ ನೀರು ಚಿಮ್ಮುತ್ತಿದೆ

ಗಾಜು ತೊಳೆಯಲು ನೀರು ಚಿಮ್ಮಿಸುವ ಮೋಟರ್ ಸದ್ದು ಬರುತ್ತದೆ, ಮುಂದಿನ ಗಾಜಿಗೆ ನೀರು ಮಾತ್ರ ಬೀಳುತ್ತಿಲ್ಲ ಎಂದು ಕೇಳಿದ್ದೆನಲ್ಲ, ಸರಿಹೋಯಿತು. ಬಾನೆಟ್ ಕೆಳಗೆ ನಾಝಲ್‌ಗೆ (ನೀರು ಚಿಮ್ಮುವ ಸಣ್ಣ ತೂತಿನ ಮೂತಿ) ಹೋಗುವ ಪೈಪ್ ಬಿಚ್ಚಿ, ತಮ್ಮನಿಗೆ ಸ್ವಿಚ್ ಎಳೆಯಲು ಹೇಳಿದೆ. ಪೈಪಿನಿಂದ ನೀರು ಜೋರಾಗಿಯೇ ಬಂತು! ಅಂದರೆ ಮೋಟರ್ ಚೆನ್ನಾಗಿದೆ, ಕಟ್ಟಿಕೊಂಡಿರುವುದು ನಾಝಲ್.

ತೂತಿನ ತುಂಬ ಬಿಳಿ ಸುಣ್ಣ. ಮಂಡ್ಯದಲ್ಲಿ ನಮ್ಮ ಬೋರ್‌ವೆಲ್ ನೀರು ಗಡಸು, ಅದನ್ನೇ ಗಾಜು ತೊಳೆಯುವ ನೀರಿನ ಟ್ಯಾಂಕ್‌ಗೆ ತುಂಬಿಸುತ್ತಿದ್ದೆವು. ನಾಝಲ್ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ, ಸಣ್ಣ ಸೂಜಿಯಿಂದ ಮೆಲ್ಲಗೆ ಬಿಡಿಸಿದೆ. ಜೋರಾಗಿ ಚುಚ್ಚಬೇಡಿ. ತೂತು ದೊಡ್ಡದಾದರೆ ನೀರು ಚಿಮ್ಮುವುದಿಲ್ಲ, ಸುಮ್ನೆ ಸುರಿಯುತ್ತದೆ. ಟ್ಯಾಂಕ್ ತಳದ ಪಾಚಿಯನ್ನೂ ತೊಳೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿಸಿದ್ದೇನೆ.

ಕಬ್ಬಿನ ಲಾರಿ ಹಿಂದೆ ಧೂಳಿನಲ್ಲಿ ಹೋಗುವಾಗ ಇದು ಬೇಕೇ ಬೇಕು, ಅಲ್ವಾ? ಮೊದಲು ಪೈಪ್ ಬಿಚ್ಚಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.