ಸಹಾಯ ಬೇಕು: ಆಸ್ಟ್ರೋಸ್ಯಾಟ್ ವೀಕ್ಷಣಾ ಸಮಯದ ಅರ್ಜಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಎಕ್ಸ್-ಕಿರಣ ಸೂಸುವ ಕಪ್ಪುರಂಧ್ರ-ನಕ್ಷತ್ರ ಜೋಡಿ ಸಿಗ್ನಸ್ ಎಕ್ಸ್-1 ನೋಡಲು ಸಮಯ ಕೇಳಿ ಮೊದಲ ಬಾರಿಗೆ ಪ್ರಸ್ತಾವ ಬರೆಯುತ್ತಿದ್ದೇನೆ. ನಮ್ಮೂರಿನಲ್ಲಿ ಕೇಳೋಣವೆಂದರೆ ಈ ದಾರಿಯಲ್ಲಿ ನಡೆದವರು ಯಾರೂ ಸಿಗುತ್ತಿಲ್ಲ.

ದೊಡ್ಡ ತೊಡಕು ಸಮಯದ ಲೆಕ್ಕ. ಉಪಗ್ರಹ ಸುಮಾರು 650 ಕಿ.ಮೀ. ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬರುತ್ತದೆ, ದಕ್ಷಿಣ ಅಟ್ಲಾಂಟಿಕ್‌ನ ವಿಕಿರಣ ವಲಯ ದಾಟುವಾಗಿನ ದತ್ತಾಂಶವೂ ಕೈಬಿಡಬೇಕು. ಹಾಗಾದರೆ ನನಗೆ 20,000 ಸೆಕೆಂಡ್ ಉಪಯುಕ್ತ ದತ್ತಾಂಶ ಬೇಕಿದ್ದರೆ ಎಷ್ಟು ಕೇಳಬೇಕು? ಹೆಚ್ಚು ಕೇಳಿದರೆ ದುರಾಸೆ, ಕಡಿಮೆ ಕೇಳಿದರೆ ಅಜ್ಞಾನ ಎನಿಸೀತು.

ಇನ್ನೊಂದು, ಎಕ್ಸ್-ಕಿರಣಗಳ ಈ ಆಕರ, ಅಂದರೆ ಸಿಗ್ನಸ್ ಎಕ್ಸ್-1, ಬಹಳ ಪ್ರಖರ. ಉಪಗ್ರಹದ ಮೃದು (ಕಡಿಮೆ ಶಕ್ತಿಯ) ಎಕ್ಸ್-ಕಿರಣ ದೂರದರ್ಶಕದಲ್ಲಿ ಫೋಟಾನ್‌ಗಳು ಒಂದರ ಮೇಲೊಂದು ಬಿದ್ದು ರೋಹಿತ (ಸ್ಪೆಕ್ಟ್ರಮ್) ಕೆಡುವ ಭಯವಿದೆ. ಸಂವೇದಕದ ಸಣ್ಣ ಭಾಗವನ್ನಷ್ಟೇ ಬೇಗ ಬೇಗ ಓದುವ ಫಾಸ್ಟ್ ವಿಂಡೋ ವಿಧಾನ ಬಳಸಿದವರು ಅನುಭವ ಹೇಳುವಿರಾ? ದೂರದರ್ಶಕದ ನೋಟ ಸೂರ್ಯನಿಂದ ದೂರ ಇರಬೇಕೆಂಬ ನಿಯಮ ಮಾತ್ರ ಒಮ್ಮೆಲೇ ಅರ್ಥವಾಯಿತು, ಕಲಬುರಗಿಯವನಲ್ಲವೇ!

ಈ ಆಕರದ ಹಳೆಯ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಭಂಡಾರದಲ್ಲಿಯೇ ಇದೆ. ಹೊಸದು ಏಕೆ ಬೇಕು ಎಂಬ ಪ್ರಶ್ನೆಗೆ ನಾನು ಬರೆದ ಉತ್ತರ ನನಗೇ ಸಪ್ಪೆ ಎನಿಸುತ್ತಿದೆ. ಕರಡನ್ನು ಓದಿ, ದಾಕ್ಷಿಣ್ಯವಿಲ್ಲದೆ ತಿದ್ದುವವರು ಇದ್ದರೆ ದಯವಿಟ್ಟು ಸಂದೇಶ ಕಳುಹಿಸಿ.