ಪೆನ್‌ಡ್ರೈವಿನಿಂದ ನಡೆಯುವ ಮನೆಯ ಸರ್ವರ್: ಕರೆಂಟ್ ಹೋಗಿ ಬಂದರೆ ಎಲ್ಲವೂ ಮಾಯವಾಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂಲೆಗೆ ಬಿದ್ದಿದ್ದ 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪನ್ನು, ಮನೆಯವರೆಲ್ಲ ಫೋಟೊ ಮತ್ತು ಕಾಗದಪತ್ರಗಳನ್ನು ಇಡುವ ಸರ್ವರ್ ಆಗಿ ಬಳಸಬೇಕೆಂದುಕೊಂಡು, ಒಳಗಿನ ಹಾರ್ಡ್ ಡಿಸ್ಕನ್ನು ಕಡತಗಳಿಗಷ್ಟೇ ಮೀಸಲಿಟ್ಟು, ಆಲ್ಪೈನ್ ಲಿನಕ್ಸನ್ನು (ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವಿನಿಂದ ನಡೆಸುತ್ತಿದ್ದೇನೆ. ಅದರ ಐಎಸ್‌ಒ ಕಡತವನ್ನು (ಸಿಡಿಯ ಪೂರ್ತಿ ನಕಲು) ‘ಡಿಡಿ’ ಆದೇಶದಿಂದ ಇದ್ದಂತೆಯೇ ಪೆನ್‌ಡ್ರೈವಿಗೆ ಬರೆದೆ. ವ್ಯವಸ್ಥೆಯನ್ನು ಸಿದ್ಧಪಡಿಸುವ ‘ಸೆಟಪ್-ಆಲ್ಪೈನ್’ ಆದೇಶವು ಡಿಸ್ಕಿನ ಬಗ್ಗೆಯೂ ಸಂರಚನೆಯನ್ನು ಎಲ್ಲಿ ಉಳಿಸಬೇಕೆಂಬ ಬಗ್ಗೆಯೂ ಕೇಳಿದಾಗ ಎರಡಕ್ಕೂ ‘ನನ್’ (ಯಾವುದೂ ಬೇಡ) ಎಂದೆ. ಕಡತಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ಸಾಂಬಾ ಎರಡು ದಿನ ಸರಿಯಾಗಿ ನಡೆಯಿತು. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ (ಬ್ಯಾಟರಿ ಕೆಟ್ಟು ಬಹಳ ಕಾಲವಾಗಿದೆ) ಸಾಂಬಾವೂ ಇಲ್ಲ, ನಾನು ಸೃಷ್ಟಿಸಿದ ಬಳಕೆದಾರರೂ ಇಲ್ಲ. ಬದಲಾವಣೆಗಳನ್ನು ಉಳಿಸುವ ‘ಎಲ್‌ಬಿಯು ಕಮಿಟ್’ ಮಾಡಿದರೂ ಪೆನ್‌ಡ್ರೈವಿಗೆ ಬರೆಯಲಾಗುತ್ತಿಲ್ಲ. ಡಿಸ್ಕಿಗೆ ಸ್ಥಾಪಿಸದೆ ನಡೆಸುವ ಇಂಥ ಲೈವ್ ವ್ಯವಸ್ಥೆಯ ಮೇಲೆ ಸರ್ವರ್ ನಡೆಸುವುದೇ ತಪ್ಪೇ?

ಉತ್ತರ 1

ತಪ್ಪಲ್ಲ, ಆದರೆ ನೀವು ಅರ್ಧ ದಾರಿಯಲ್ಲಿ ನಿಂತಿದ್ದೀರಿ. ನೀವು ಆರಿಸಿರುವ ಈ ‘ಡಿಸ್ಕ್‌ಲೆಸ್’ ವಿಧಾನದಲ್ಲಿ ಆಲ್ಪೈನ್ ಪೂರ್ತಿಯಾಗಿ ರ‍್ಯಾಮಿಗೆ ಏರಿ ನಡೆಯುವುದರಿಂದ, ನೀವಾಗಿ ಉಳಿಸದೆ ಇದ್ದದ್ದು ಯಾವುದೂ ಉಳಿಯುವುದಿಲ್ಲ. ‘ಡಿಡಿ’ಯಿಂದ ಬರೆದ ಪೆನ್‌ಡ್ರೈವ್ ಸಿಡಿಯ ಕಡತ ವ್ಯವಸ್ಥೆಯನ್ನೇ ಹೊತ್ತಿರುತ್ತದೆ; ಅದನ್ನು ಓದಬಹುದೇ ಹೊರತು ಅದರ ಮೇಲೆ ಬರೆಯಲಾಗದು. ಆದ್ದರಿಂದ ಇನ್ನೊಂದು ಪೆನ್‌ಡ್ರೈವಿನಲ್ಲಿ ಬರೆಯಲೂ ಬರುವ ಎಫ್‌ಎಟಿ32 ವಿಭಾಗ ಮಾಡಿ, ಈಗಿನದರಿಂದ ಬೂಟ್ ಆಗಿ, ‘ಸೆಟಪ್-ಬೂಟಬಲ್’ ಮೂಲಕ ಅದಕ್ಕೆ ವ್ಯವಸ್ಥೆಯನ್ನು ವರ್ಗಾಯಿಸಿ.

ಆಮೇಲೆ ‘ಎಲ್‌ಬಿಯು ಕಮಿಟ್’ ಮಾಡಿದಾಗ ಯಂತ್ರದ ಹೆಸರನ್ನು ಹೊತ್ತ ಒಂದು ‘ಎಪಿಕೆಒವಿಎಲ್’ ಕಡತ ಅಲ್ಲಿ ಸೃಷ್ಟಿಯಾಗುತ್ತದೆ. ಅದರಲ್ಲಿ ಮುಖ್ಯವಾಗಿ ಸಂರಚನೆ ಇರುವ ‘ಇಟಿಸಿ’ ಫೋಲ್ಡರಿನ ಬದಲಾವಣೆಗಳಷ್ಟೇ ಇರುತ್ತವೆ, ಪ್ಯಾಕೇಜುಗಳು (ಸಾಂಬಾದಂಥ ತಂತ್ರಾಂಶಗಳು) ಇರುವುದಿಲ್ಲ. ಅವುಗಳಿಗಾಗಿ ‘ಸೆಟಪ್-ಎಪಿಕೆಕ್ಯಾಶ್’ ನಡೆಸಿ ಸಂಗ್ರಹವನ್ನು ಅದೇ ಪೆನ್‌ಡ್ರೈವಿನಲ್ಲಿ ಇರಿಸಬೇಕು. ಹಾಗೆ ಮಾಡದಿದ್ದರೆ, ಬೂಟ್ ಆಗುವ ಹೊತ್ತಿಗೆ ನೆಟ್‌ವರ್ಕ್ ಇನ್ನೂ ಸಿದ್ಧವಾಗಿರದ ಕಾರಣ, ಸಂರಚನೆ ಇದ್ದೂ ಸಾಂಬಾ ಇಲ್ಲದ ವಿಚಿತ್ರ ಸ್ಥಿತಿ ಬರುತ್ತದೆ. ಸಾಂಬಾದ ಗುಪ್ತಪದಗಳು ‘ಇಟಿಸಿ’ಯಲ್ಲಿಲ್ಲ, ‘ವಾರ್’ ಒಳಗಿನ ‘ಲಿಬ್’ನಲ್ಲಿವೆ; ಆ ಫೋಲ್ಡರನ್ನು ‘ಎಲ್‌ಬಿಯು ಇನ್‌ಕ್ಲೂಡ್’ನಿಂದ ಸೇರಿಸಲು ಬಹುತೇಕರು ಮರೆಯುತ್ತಾರೆ, ನಾನೂ ಮರೆತಿದ್ದೆ.

ಉತ್ತರ 2

ಇಷ್ಟೆಲ್ಲ ಕಷ್ಟ ಏಕೆ? ಡೆಬಿಯನ್ ಲೈವ್‌ನಲ್ಲಿ (ಇನ್ನೊಂದು ಲಿನಕ್ಸ್) ‘ಪರ್ಸಿಸ್ಟೆನ್ಸ್’ ಎಂಬ ಹೆಸರಿನ ವಿಭಾಗ ಮಾಡಿ, ಅದರೊಳಗೆ ‘/ union’ ಎಂಬ ಸಾಲಿರುವ ‘persistence.conf’ ಕಡತವಿಟ್ಟು, ‘ಪರ್ಸಿಸ್ಟೆನ್ಸ್’ ಪದವನ್ನು ಬೂಟ್ ಸಾಲಿಗೂ ಸೇರಿಸಿದರೆ ಬದಲಾವಣೆಗಳೆಲ್ಲ ತಾವಾಗಿಯೇ ಉಳಿಯುತ್ತವೆ.

ಉತ್ತರ 1 ಬರೆದವರಿಂದ

ಉಳಿಯುತ್ತವೆ, ನಿಜ. ಆದರೆ ಲಾಗ್‌ಗಳೂ ತಾತ್ಕಾಲಿಕ ಕಡತಗಳೂ ಹಗಲಿರುಳು ಪೆನ್‌ಡ್ರೈವಿನ ಮೇಲೆಯೇ ಬರೆಯಲ್ಪಡುತ್ತವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ವ್ಯವಸ್ಥೆ ಕೆಡುವ ಸಾಧ್ಯತೆ ಇದೆ. ಆಲ್ಪೈನ್ ಕಮಿಟ್ ಮಾಡುವ ಅಥವಾ ಪ್ಯಾಕೇಜು ಸಂಗ್ರಹಿಸುವ ಕೆಲವು ಕ್ಷಣ ಮಾತ್ರ ಪೆನ್‌ಡ್ರೈವನ್ನು ಬರೆಯಲು ತೆರೆಯುತ್ತದೆ. ಪ್ರಯಾಣಕ್ಕೆ ಒಯ್ಯುವ ವ್ಯವಸ್ಥೆಗೆ ಡೆಬಿಯನ್ ಲೈವ್ ಒಳ್ಳೆಯದು. ಬ್ಯಾಟರಿ ಇಲ್ಲದ ಸರ್ವರಿಗೆ ನಾನಂತೂ ಅದನ್ನು ಆರಿಸುವುದಿಲ್ಲ.

ಉತ್ತರ 3

ಎರಡು ಮಾತು ಸೇರಿಸುತ್ತೇನೆ. ಪ್ಯಾಕೇಜುಗಳನ್ನು ನವೀಕರಿಸುವ ‘ಎಪಿಕೆ ಅಪ್‌ಗ್ರೇಡ್’ನಿಂದ ಈ ವಿಧಾನದಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು) ನವೀಕರಣಗೊಳ್ಳುವುದಿಲ್ಲ, ಅದಕ್ಕೆ ‘ಅಪ್‌ಡೇಟ್-ಕರ್ನಲ್’ ಬೇಕು. ಇನ್ನು, ಎಪಿಕೆಒವಿಎಲ್ ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳುವುದು ಒಳ್ಳೆಯದಾದರೂ, ಬಳಕೆದಾರರ ಗುಪ್ತಪದಗಳ ಹ್ಯಾಶ್‌ಗಳೂ (ಗೂಢ ರೂಪಗಳು) ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಕೀಲಿಗಳೂ ಅದರಲ್ಲಿರುವುದರಿಂದ, ದಯವಿಟ್ಟು ಅದನ್ನು ಮನೆಮಂದಿಯೆಲ್ಲ ತೆರೆಯಬಲ್ಲ ಸಾಂಬಾ ಫೋಲ್ಡರಿನಲ್ಲಿ ಇಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹೊಸ ಪೆನ್‌ಡ್ರೈವಿನಿಂದ ನಡೆಸಿ, ಬೇಕೆಂದೇ ಎರಡು ಬಾರಿ ಪ್ಲಗ್ ಕಿತ್ತು ನೋಡಿದೆ. ಮೊದಲ ಬಾರಿ ಸಾಂಬಾ ಎದ್ದಿತು, ಆದರೆ ಯಾರ ಗುಪ್ತಪದವನ್ನೂ ಒಪ್ಪಲಿಲ್ಲ: ಫೋಲ್ಡರನ್ನು ಪಟ್ಟಿಗೆ ಸೇರಿಸಿದ್ದೆನಾದರೂ ಮತ್ತೆ ಕಮಿಟ್ ಮಾಡುವುದನ್ನೇ ಮರೆತಿದ್ದೆ. ಎರಡನೆಯ ಬಾರಿ ಎಲ್ಲವೂ ಸರಿಯಾಗಿ ಬಂತು.